ಕಾಲರ್ ಅಟ್ಯಾಚಲ್ಲಿ ನಿಂತೋದ ಲೈನು: ಹಾಸನದ ಒಂದು ಗಾರ್ಮೆಂಟ್ಸ್ ಪ್ರಕರಣ, ಮ್ಯಾನೇಜ್‌ಮೆಂಟ್ ಓದೋ ಇಂಜಿನಿಯರಿಂಗ್ ಹುಡುಗ್ರಿಗೆ

ಇಂಜಿನಿಯರಿಂಗ್ ಹುಡುಗ್ರಿಗೆ ಮ್ಯಾನೇಜ್‌ಮೆಂಟ್ ಪೇಪರ್ ಅಂದ್ರೆ ಎಕ್ಸಾಮ್ ಹಿಂದಿನ ರಾತ್ರಿ ಓದೋ ಸಬ್ಜೆಕ್ಟು. ವಿಟಿಯು ಸ್ಕೀಮ್ ಬದಲಾದಂಗೆಲ್ಲ ಪೇಪರ್ ಹೆಸರೂ ಬದಲಾಗ್ತಾ ಬಂದಿದೆ, ಆದ್ರೆ ಶುರುವಿನಲ್ಲೇ ಟೇಲರ್, ಫಯೋಲ್, ವೆಬರ್, ಮೇಯೋ, ಅಂದ್ರೆ ಕೆಲಸ, ಕಂಪನಿ ಹೆಂಗೆ ನಡೆಸ್ಬೇಕು ಅಂತ ಮೊದಮೊದಲು ಬರೆದೋರು, ಇವರೆಲ್ಲ ಸಾಲಾಗಿ ನಿಂತಿರ್ತಾರೆ, ಅವರ ಮುಂದೆ ಒಂದೊಂದು ಇಸವಿ, ಕೆಳಗೆ ಬಾಯಿಪಾಠ ಮಾಡೋಕೆ ಪಾಯಿಂಟ್ಸು. ಚಾಪ್ಟರ್ ಹೆಸರಲ್ಲೇ ವಿಕಾಸ ಅಂತ ಇರೋದ್ರಿಂದ ಹುಡುಗ್ರು ಏನಂದ್ಕೊತಾರೆ ಅಂದ್ರೆ ಟೇಲರ್ ಹಳೇಕಾಲದೋನು, ಮನುಷ್ಯರನ್ನ ಮೆಷಿನ್ ಥರ ನೋಡ್ದ, ಆಮೇಲೆ ಮೇಯೋ ಬಂದು ಸರಿ ಮಾಡ್ದ, ಆಮೇಲೆ ಎಲ್ಲಾ ಭಾಗ ಒಟ್ಟಿಗೆ ನೋಡ್ಬೇಕು ಅನ್ನೋ ಸಿಸ್ಟಮ್ಸ್‌ನೋರು ಬಂದ್ರು, ಸಂದರ್ಭ ನೋಡಿ ರೀತಿ ಬದಲಾಯಿಸ್ಬೇಕು ಅನ್ನೋ ಕಂಟಿಂಜೆನ್ಸಿಯೋರು ಬಂದ್ರು, ಹಳೇ ಫೋನ್ ಎಕ್ಸ್‌ಚೇಂಜಿಗೆ ಕೊಟ್ಟು ಹೊಸದು ತಗೊಂಡಂಗೆ. ನನ್ನ ತಕರಾರು ಇರೋದು ಇಲ್ಲೇ. ಹಾಸನದ ಯಾವ್ದಾದ್ರೂ ಗಾರ್ಮೆಂಟ್ಸ್ ಫ್ಲೋರಿಗೆ ಹೋಗಿ ನಿಂತ್ಕೊಳಿ, ಇವರು ನಾಲ್ಕೂ ಜನ ಒಂದೇ ಹೊತ್ತಲ್ಲಿ ಡ್ಯೂಟಿ ಮೇಲೆ ಇರ್ತಾರೆ, ಒಬ್ಬರ ಮಾತು ಒಬ್ಬರಿಗೆ ಆಗಲ್ಲ ಅಷ್ಟೇ.

ಪ್ರಕರಣಕ್ಕೆ ಹೋಗೋಕೆ ಮುಂಚೆ ಒಂದ್ ಮಾತು. ಫ್ಯಾಕ್ಟರಿ ಹೆಸರು ಬೇಡ, ಇದು ಒಂದೇ ಫ್ಯಾಕ್ಟರಿದೂ ಅಲ್ಲ. ಇಲ್ಲಿನ ಗಾರ್ಮೆಂಟ್ಸಲ್ಲಿ ಐಇ ಆಗಿ, ಅಂದ್ರೆ ಇಂಡಸ್ಟ್ರಿಯಲ್ ಇಂಜಿನಿಯರ್ ಆಗಿ ಸೇರ್ಕೊಂಡ ಹಳೇ ಸ್ಟೂಡೆಂಟ್ಸ್ ಸಿಕ್ಕಾಗ ಹೇಳ್ಕೊಂಡಿದ್ದನ್ನ ಜೋಡಿಸಿ ಒಂದೇ ಲೈನಿನ ಕಥೆ ಮಾಡಿದೀನಿ. ಲೈನಿನ ಅಂಕಿಗಳನ್ನ ಬೋರ್ಡ್ ಮೇಲೆ ಲೆಕ್ಕ ಮಾಡೋಕೆ ಸುಲಭ ಆಗ್ಲಿ ಅಂತ ದುಂಡಗೆ ಮಾಡಿದೀನಿ, ಅದನ್ನ ಯಾರೂ ಸರ್ವೆ ರಿಪೋರ್ಟ್ ಅಂತ ಎಲ್ಲೂ ಹಾಕ್ಬೇಡಿ.

ಲೈನು, ಲೆಕ್ಕ

ಫಾರ್ಮಲ್ ಶರ್ಟ್ ಲೈನು. 40 ಮೆಷಿನ್, 40 ಆಪರೇಟರ್ಸ್, ಹೆಚ್ಚೂಕಮ್ಮಿ ಎಲ್ಲಾ ಹೆಣ್ಮಕ್ಳು, ಅರಕಲಗೂಡು, ಆಲೂರು, ಹೊಳೆನರಸೀಪುರ, ದುದ್ದ ಕಡೆಯಿಂದ ಕಂಪನಿ ಬಸ್ಸಲ್ಲಿ ಬಂದು ಹೋಗೋರು. ಶರ್ಟಿನ ಸ್ಯಾಮ್ 24 ನಿಮಿಷ. ಸ್ಯಾಮ್ ಅಂದ್ರೆ ಪಳಗಿದ ಆಪರೇಟರ್ ಮಾಮೂಲಿ ಸ್ಪೀಡಲ್ಲಿ ಹೊಡೆದ್ರೆ, ಸುಸ್ತಿಗೆ, ನೀರು ಕುಡಿಯೋಕೆ, ದಾರ ಕಟ್ಟಾಗೋದಕ್ಕೆ ಅಂತ ಒಂದಷ್ಟು ಬಿಟ್ಟು, ಎಲ್ಲಾ ಆಪರೇಷನ್ ಸೇರಿ ಒಂದು ಪೀಸಿಗೆ ಬೀಳೋ ಟೈಮು. ಗಂಟೆಗೆ 40 ಜನರ 60 ನಿಮಿಷ ಅಂದ್ರೆ 2,400 ನಿಮಿಷ, ಅದನ್ನ 24ರಿಂದ ಭಾಗಿಸಿದ್ರೆ 100 ಪೀಸು. ಅದು ನೂರು ಪರ್ಸೆಂಟ್ ಎಫಿಷಿಯೆನ್ಸಿ. ಲೈನ್ ಆಗ ಹೊಡೀತಾ ಇದ್ದಿದ್ದು ಗಂಟೆಗೆ 60. ಪ್ರೊಡಕ್ಷನ್ ಮ್ಯಾನೇಜರು, ಪಿಎಂ ಅಂತಾರೆ, ಬೆಂಗಳೂರಿಂದ ಬಂದೋರು, ಶಿಪ್‌ಮೆಂಟ್ ಡೇಟ್ ಹತ್ರ ಬಂತು ಅಂತ ಬೋರ್ಡ್ ಮೇಲೆ 80 ಬರೆಸಿದ್ರು. 60 ಹೊಡೆಯೋರು 80 ಯಾಕ್ ಹೊಡೆಯಲ್ಲ, ಮೈಗಳ್ಳತನ ಅಷ್ಟೇ, ಇದು ಅವರ ಲೆಕ್ಕ.

ಮೈಗಳ್ಳತನದ ಮಾತು ಬಂದಿದ್ದಕ್ಕೆ ಇಲ್ಲೇ ಹೇಳ್ಬಿಡ್ತೀನಿ. ಗೋಡೆ ಮೇಲಿನ ಗಂಟೆಗಂಟೆ ಬೋರ್ಡಲ್ಲಿ ಮೊದಲನೇ ಗಂಟೆ ಯಾವಾಗ್ಲೂ ಕಮ್ಮಿ. ಪಿಎಂ ಪ್ರಕಾರ ಬೆಳಗ್ಗೆ ಬೆಳಗ್ಗೆ ಹರಟೆ. ನಿಜ ಏನಪ್ಪಾ ಅಂದ್ರೆ ಅರಕಲಗೂಡು ಕಡೆ ಬಸ್ಸು ಆಗಾಗ ಲೇಟು, ಆ ಬಸ್ಸಲ್ಲಿ ಬರೋರು ಹೆಚ್ಚಾಗಿ ಲೈನಿನ ಮುಂದಿನ ಮೆಷಿನ್‌ಗಳೋರು, ಅವರು ಕೂತ್ಕೊಳ್ಳೋವರ್ಗೂ ಹಿಂದಿನೋರಿಗೆ ಕೆಲಸವೇ ಇಲ್ಲ. ಡಗ್ಲಾಸ್ ಮ್ಯಾಕ್‌ಗ್ರೆಗರ್ 1960ರಲ್ಲಿ ಥಿಯರಿ ಎಕ್ಸ್ (ಜನ ಸೋಮಾರಿಗಳು ಅನ್ನೋ ನಂಬಿಕೆ), ಥಿಯರಿ ವೈ (ಜನ ತಾವಾಗೇ ಕೆಲಸ ಮಾಡ್ತಾರೆ ಅನ್ನೋ ನಂಬಿಕೆ) ಅಂತ ಬರೆದಾಗ ಹೇಳಿದ್ದು ಇಂಥದ್ದನ್ನೇ. ಮ್ಯಾನೇಜರ್ ತಲೇಲಿ ಮೊದಲೇ ಒಂದು ನಂಬಿಕೆ ಕೂತಿರುತ್ತೆ, ಆಮೇಲೆ ಕಣ್ಣಿಗೆ ಕಾಣೋ ಎಲ್ಲದ್ದಕ್ಕೂ ಅದೇ ಕಾರಣ. ಬಸ್ ಡ್ರೈವರನ್ನ ಒಂದ್ಸಲ ಕೇಳಿದ್ರೆ ಮುಗೀತಿತ್ತು.

ಸ್ಟಾಪ್‌ವಾಚ್ ಹಿಡ್ಕೊಂಡ ಹುಡುಗ

ಐಇ ಹುಡುಗ ಮೆಕ್ಯಾನಿಕಲ್, ಇಲ್ಲೇ ಹಾಸನದಲ್ಲಿ ಓದಿದೋನು. ಟೇಲರ್ ಬಗ್ಗೆ ಹತ್ತು ಮಾರ್ಕಿನ ಉತ್ತರ ಬರೆದು ಪಾಸಾಗಿದ್ದ. ಈಗ ಕೈಯಲ್ಲಿ ಕ್ಲಿಪ್‌ಬೋರ್ಡು, ಸ್ಟಾಪ್‌ವಾಚು, ಅಂದ್ರೆ 1880ರ ದಶಕದಲ್ಲಿ ಫಿಲಡೆಲ್ಫಿಯಾದ ಮಿಡ್‌ವೇಲ್ ಸ್ಟೀಲ್ ಕಂಪನಿಲಿ ಟೇಲರ್ ಶುರು ಮಾಡಿದ ಕೆಲಸವನ್ನೇ ಬಿ.ಎಂ. ರೋಡಿನ ಪಕ್ಕ ಮಾಡ್ತಿದ್ದ, ಅದು ಇದೇ ಅಂತ ಅವನಿಗೆ ಹೊಳೆದಿರ್ಲಿಲ್ಲ.

ಟೇಲರ್ ವಿಷ್ಯ ಸ್ವಲ್ಪ ಜಾಸ್ತಿ ಹೇಳ್ಬೇಕು, ಯಾಕಂದ್ರೆ ಗೈಡ್‌ಗಳಲ್ಲಿ ಅರ್ಧ ಮಾತ್ರ ಇರುತ್ತೆ. ಎಲ್ಲರಿಗೂ ಗೊತ್ತಿರೋದು ಬೆತ್ಲೆಹೆಮ್ ಸ್ಟೀಲ್ ಕಥೆ, ಒಬ್ಬ ಕೂಲಿ ದಿನಕ್ಕೆ ಹನ್ನೆರಡೂವರೆ ಟನ್ ಕಬ್ಬಿಣದ ಗಟ್ಟಿ ಹೊರ್ತಿದ್ದೋನು ನಲವತ್ತೇಳೂವರೆ ಟನ್ ಹೊತ್ತ, ಕೂಲಿ 1.15 ಡಾಲರಿಂದ 1.85 ಡಾಲರಿಗೆ ಏರ್ತು ಅಂತ ಟೇಲರ್ ತನ್ನ 1911ರ ಪುಸ್ತಕದಲ್ಲಿ ಬರೆದಿದಾನೆ. ಈ ಲೆಕ್ಕ ನೋಡಿ, ಕೆಲಸ ಮೂರೂ ಮುಕ್ಕಾಲು ಪಟ್ಟು, ಕೂಲಿ ಒಂದೂವರೆ ಪಟ್ಟಿಗಿಂತ ಒಂಚೂರು ಮೇಲೆ. ಕ್ಲಾಸಲ್ಲಿ ಇದನ್ನ ಬೋರ್ಡ್ ಮೇಲೆ ಬರೆದ ತಕ್ಷಣ ಹಿಂದಿನ ಬೆಂಚಿಂದ ಯಾರಾದ್ರೊಬ್ರು ಅನ್ಯಾಯ ಸಾರ್ ಅಂತಾರೆ, ಸರಿ, ಅನ್ನಲಿ. ಆದ್ರೆ ಅದೇ ಟೇಲರ್ ಇನ್ನೊಂದು ಮಾತು ಹೇಳಿದಾನೆ. ಕೂಲಿಕಾರರು ಬೇಕಂತಲೇ ನಿಧಾನ ಮಾಡ್ತಾರೆ, ಹೌದು, ಆದ್ರೆ ಅದು ಬರೀ ಸೋಮಾರಿತನ ಅಲ್ಲ, ಇವತ್ತು ಜಾಸ್ತಿ ಹೊಡೆದ್ರೆ ನಾಳೆ ಮಾಲೀಕ ಪೀಸಿನ ರೇಟ್ ಕಡಿತಾನೆ ಅಂತ ಅನುಭವದಿಂದ ಗೊತ್ತಿರುತ್ತೆ, ಹಾಗಾಗಿ ಅವರು ಮಾಡೋದು ಬುದ್ಧಿವಂತಿಕೆನೇ. ಟೇಲರೇ ಮೆಷಿನ್ ಶಾಪಲ್ಲಿ ಕೆಲಸ ಮಾಡಿ ಮೇಲೆ ಬಂದೋನು, ಹಂಗಾಗಿ ಅವನಿಗೆ ಇದು ಗೊತ್ತಿತ್ತು. ರೇಟನ್ನ ಅಳೆದು ಒಂದ್ಸಲ ಇಟ್ಮೇಲೆ ಕೆಲಸದ ರೀತಿ ಬದಲಾಗದೆ ಕಡೀಬಾರ್ದು ಅನ್ನೋದು ಅವನ ಪದ್ಧತಿಯ ಬೆನ್ನೆಲುಬು. ಟೇಲರ್ ಹೆಸರು ಹೇಳ್ಕೊಂಡು ಫ್ಯಾಕ್ಟರಿ ನಡೆಸೋರು ಬಿಟ್ಟಿದ್ದು ಇದನ್ನೇ.

ಈಗ ಲೈನಿಗೆ ಬನ್ನಿ. ಹುಡುಗ ಒಂದೊಂದೇ ಮೆಷಿನ್ ಮುಂದೆ ನಿಂತು ಟೈಮ್ ತಗೊಂಡ. ಅವನು ನಿಂತಾಗ ಎಲ್ಲರೂ ನಿಧಾನ. ಕತ್ತರಿಸಿದ ಬಟ್ಟೆ ತುಂಡುಗಳ ಬಂಡಲ್ ಬಿಚ್ಚೋದೂ ನಿಧಾನ, ದಾರ ಕತ್ತರಿಸೋದೂ ನಿಧಾನ. ಪಿಎಂ ಬೆನ್ನ ಹಿಂದೆ ನಿಂತಾಗ ಅದೇ ಜನ ಸರಸರ. ಒಂದೇ ಕೆಲಸ, ಒಂದೇ ಕೈ, ಎರಡು ಟೈಮು. ಹುಡುಗ ತಲೆ ಕೆಡಿಸ್ಕೊಂಡ. ಕಡೆಗೆ ರೇಟಿಂಗ್ ಹಾಕಿ ಸರಿದೂಗಿಸ್ದ, ಅಂದ್ರೆ ಈಕೆ ಮಾಮೂಲಿ ಸ್ಪೀಡಿನ ಎಂಬತ್ತು ಪರ್ಸೆಂಟಲ್ಲಿ ಹೊಡೀತಿದಾಳೆ ಅಂತ ಕಣ್ಣಳತೇಲಿ ತೀರ್ಮಾನ ಮಾಡಿ ಗುಣಿಸೋದು. ಟೇಲರ್ ಶುರು ಮಾಡಿದ ಈ ವೈಜ್ಞಾನಿಕ ಮ್ಯಾನೇಜ್‌ಮೆಂಟಿನ ಹೊಟ್ಟೆಯೊಳಗೇ ಇಂಥ ಒಂದು ಅಂದಾಜು ಕೂತಿದೆ ಅಂತ ಹುಡುಗ್ರಿಗೆ ಹೇಳಿದ್ರೆ ಆಶ್ಚರ್ಯ ಪಡ್ತಾರೆ.

ಟೈಮ್ ಸ್ಟಡೀಲಿ ಒಂದಂತೂ ಸಿಕ್ತು. ಕಾಲರ್ ಅಟ್ಯಾಚ್, ಅಂದ್ರೆ ಶರ್ಟಿನ ಬಾಡಿಗೆ ಕಾಲರ್ ಸೇರಿಸಿ ಹೊಲಿಯೋ ಕೆಲಸ, ಅದರ ಸ್ಯಾಮ್ ಒಂದೂವರೆ ನಿಮಿಷ. ಗಂಟೆಗೆ 100ರ ಲೆಕ್ಕದಲ್ಲಿ ಒಂದು ಪೀಸಿಗೆ ಸಿಗೋದು 0.6 ನಿಮಿಷ, 1.5ನ್ನ 0.6ರಿಂದ ಭಾಗಿಸಿದ್ರೆ ಎರಡೂವರೆ ಆಪರೇಟರ್ ಬೇಕು. ಅರ್ಧ ಮನುಷ್ಯ ಸಿಗಲ್ಲವಲ್ಲ, ಲೇಔಟ್ ಹಾಕಿದೋರು ಎರಡು ಮೆಷಿನ್ ಹಾಕಿ ಮುಗಿಸಿದ್ರು. ಇಬ್ಬರ ಹತ್ರ ಗಂಟೆಗೆ ಇರೋದು 120 ನಿಮಿಷ. 60 ಪೀಸಿಗೆ 90 ನಿಮಿಷ ಹೋಗುತ್ತೆ, ಅಂದ್ರೆ ಆ ಇಬ್ಬರು 75 ಪರ್ಸೆಂಟಲ್ಲಿ ಓಡ್ತಿದಾರೆ. 80 ಪೀಸು ಅಂದ್ರೆ 120ಕ್ಕೆ 120. ಪಿಎಂ ಇಡೀ ಲೈನಿಗೆ ಕೇಳಿದ್ದು 80 ಪರ್ಸೆಂಟು, ಅದು ದೊಡ್ಡ ವಿಷ್ಯ ಅಲ್ಲ, ಆದ್ರೆ ಅದರರ್ಥ ಆ ಎರಡು ಮೆಷಿನ್ನೋರು ಬೆಳಗ್ಗಿಂದ ಸಂಜೆವರ್ಗೂ ನೂರಕ್ಕೆ ನೂರು ಹೊಡೀಬೇಕು, ಸೀನೋಕೂ ಪುರುಸೊತ್ತಿಲ್ಲದೆ. ಈ ಲೆಕ್ಕ ಆ ಎರಡು ಮೆಷಿನ್ ಮುಂದೆ ಕೂತಿದ್ದೋರಿಗೆ ಪೆನ್ನು ಪೇಪರ್ ಇಲ್ದೆನೇ ಗೊತ್ತಿತ್ತು.

ಇನ್ಸೆಂಟಿವ್ ಕೊಟ್ರು, ಕೆಲಸ ಕೆಡ್ತು

ಪಿಎಂ ಮಾಡಿದ್ದು ಟೇಲರ್ ಥರದ್ದೇ ಇನ್ನೊಂದು. ಟಾರ್ಗೆಟ್ ದಾಟಿದ ಒಬ್ಬೊಬ್ಬ ಆಪರೇಟರಿಗೂ ದಿನದ ಇನ್ಸೆಂಟಿವ್. ಎರಡನೇ ದಿನಕ್ಕೇ ಕಫ್, ಪಾಕೆಟ್, ಸ್ಲೀವ್ ಕಡೆಯೋರು ಸಿಕ್ಕಾಪಟ್ಟೆ ಹೊಡೆದ್ರು. ಬಂಡಲ್‌ಗಳು ಕಾಲರ್ ಮೆಷಿನ್ ಪಕ್ಕ ಮೊಣಕಾಲ ಮಟ್ಟ ಪೇರ್ಕೊಂಡ್ವು, ಓಡಾಡೋ ದಾರಿ ಬಂದ್. ಲೈನ್ ಕೊನೇಲಿ ಹೊರಗೆ ಬಂದಿದ್ದು ಎಷ್ಟು ಅಂತೀರ, 62. ಇನ್ಸೆಂಟಿವ್ ದುಡ್ಡು ಹೋಯ್ತು, ಶರ್ಟ್ ಬರ್ಲಿಲ್ಲ. ಮೇಲಿಂದ ಆಲ್ಟರ್ ಜಾಸ್ತಿ, ಬಿಚ್ಚಿ ಹೊಲಿಯೋ ಪೀಸುಗಳು ಚೆಕಿಂಗ್ ಟೇಬಲಿಂದ ವಾಪಸ್ ಬರ್ತಾನೇ ಇದ್ವು.

ಸಿಸ್ಟಮ್ಸ್ ಅಪ್ರೋಚ್ ಅಂತ ನೋಟ್ಸಲ್ಲಿ ಇನ್‌ಪುಟ್, ಪ್ರೋಸೆಸ್, ಔಟ್‌ಪುಟ್ ಅಂತ ಮೂರು ಡಬ್ಬ ಬರೆದು ಬಾಣ ಹಾಕ್ತಾರಲ್ಲ, ಅದು ಇಲ್ಲಿ ಮೊಣಕಾಲೆತ್ತರ ಬಿದ್ದಿರೋ ಬಂಡಲ್ಲು. ಒಂದೊಂದು ಭಾಗನೂ ಚೆನ್ನಾಗಿ ಓಡಿದ್ರೆ ಪೂರ್ತಿ ಚೆನ್ನಾಗಿ ಓಡುತ್ತೆ ಅನ್ನೋದು ಸುಳ್ಳು. ಟೊಯೋಟಾ ಕಾರ್ ಕಂಪನಿಯ ಉತ್ಪಾದನಾ ಪದ್ಧತಿ ಕಟ್ಟಿದ ತೈಚಿ ಓಹ್ನೋ ಹಠ ಹಿಡಿದಿದ್ದು ಇದಕ್ಕೇ, ಮುಂದಿನೋನಿಗೆ ಬೇಡದೇ ಇದ್ದಿದ್ದನ್ನ ಮಾಡೋದೇ ದೊಡ್ಡ ದಂಡ ಅಂತ.

ಕಾಲರಲ್ಲಿ ಕೂತಿದ್ದ ಇಬ್ಬರಲ್ಲಿ ಒಬ್ರು ಹಳಬ್ರು, ಲೈನಲ್ಲಿ ಎಲ್ಲರಿಗೂ ಅಕ್ಕ. ಇನ್ನೊಬ್ಬಳು ಹೊಸ ಹುಡುಗಿ, ಕೈ ಚುರುಕು. ಆ ಹುಡುಗಿ ಒಂದಿನ ಗಂಟೆಗೆ 38 ಹೊಡೆದ್ಲು. ಟೀ ಟೈಮಲ್ಲಿ ಅಕ್ಕ ಅವಳ ಪಕ್ಕ ಕೂತು ಹೇಳಿದ್ದು ಇಷ್ಟೇ: "ನೋಡು ಕಣೇ, ಇವತ್ತು ನೀನ್ ಹೊಡುದ್ರೆ ನಾಳಿಕೆ ಅದೇ ಟಾರ್ಗೆಟ್ಟು. ನಿಂಗೇನೋ ವಯಸ್ಸೈತೆ. ನಮ್ ಕೈಲಾಯ್ತದ?" ಮಾರನೇ ದಿನ ಹುಡುಗಿ 31ಕ್ಕೆ ಬಂದ್ಲು, ಯಾರೂ ಬೈದಿಲ್ಲ, ಹೊಡೆದಿಲ್ಲ.

ಇದೇ ಮಾತು ಶಿಕಾಗೋ ಹತ್ರ ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿಯ ಹಾಥಾರ್ನ್ ಕಾರ್ಖಾನೇಲಿ 1931-32ರಲ್ಲಿ ನಡೆದಿತ್ತು. ಬ್ಯಾಂಕ್ ವೈರಿಂಗ್ ರೂಮು, ಅಂದ್ರೆ ಟೆಲಿಫೋನ್ ಎಕ್ಸ್‌ಚೇಂಜಿನ ಸಾಮಾನಿಗೆ ವೈರ್ ಜೋಡಿಸೋ ರೂಮು, 14 ಜನ ಗಂಡಸ್ರು, ದಿನಕ್ಕೆ ಇಷ್ಟೇ ಅಂತ ಅವರವರೇ ಮಾತಾಡ್ಕೊಳ್ಳದೇ ಮಾತಾಡ್ಕೊಂಡಿದ್ರು, ಜಾಸ್ತಿ ಹೊಡೆಯೋನ ತೋಳಿಗೆ ಗುದ್ದೋರು. ಹುಡುಗ್ರು ಹಾಥಾರ್ನ್ ಅಂದ್ರೆ ಲೈಟ್ ಜಾಸ್ತಿ ಮಾಡಿದ್ರೂ ಪ್ರೊಡಕ್ಷನ್ ಏರ್ತು, ಕಮ್ಮಿ ಮಾಡಿದ್ರೂ ಏರ್ತು, ಯಾಕಂದ್ರೆ ಗಮನ ಕೊಟ್ರು, ಅಷ್ಟಕ್ಕೇ ನಿಲ್ಲಿಸ್ತಾರೆ. ಅದು 1924ರಲ್ಲಿ ಶುರುವಾದ ಮೊದಲ ಭಾಗ. ಟೆಲಿಫೋನಿನ ರಿಲೇ ಜೋಡಿಸೋ ರೂಮಲ್ಲಿ ಹೆಣ್ಮಕ್ಕಳ ಮೇಲೆ ನಡೆದ ಪ್ರಯೋಗದಲ್ಲಿ ಜಾಸ್ತಿ ಮಾತಾಡ್ತಾರೆ, ಸಹಕರಿಸಲ್ಲ ಅಂತ ಇಬ್ಬರನ್ನ 1928ರಲ್ಲಿ ಬದಲಾಯಿಸಿದ್ರು ಅನ್ನೋದು ಎಷ್ಟೋ ನೋಟ್ಸಲ್ಲಿ ಇರೋದೇ ಇಲ್ಲ. ಪ್ರೀತಿಯಿಂದ ನೋಡ್ಕೊಂಡ್ರೆ ಪ್ರೊಡಕ್ಷನ್ ಏರುತ್ತೆ ಅನ್ನೋ ಚಂದದ ತೀರ್ಮಾನಕ್ಕೆ ಇದು ಮುಜುಗರದ ವಿಷ್ಯ, ಅದಕ್ಕೇ ಬಿಟ್ಟಿರಬೇಕು. ಇನ್ನೂ ಒಂದು, ಬ್ಯಾಂಕ್ ವೈರಿಂಗ್ ರೂಮಲ್ಲಿ ಇದ್ದಿದ್ದು ಗುಂಪಿಗೆ ಸೇರಿಸಿ ಕೊಡೋ ಕೂಲಿ. ಒಬ್ಬೊಬ್ರಿಗೆ ಕೊಡೋ ಬದ್ಲು ಗುಂಪಿಗೆ ಇನ್ಸೆಂಟಿವ್ ಕೊಟ್ಬಿಟ್ರೆ ಎಲ್ಲ ಸರಿಹೋಗುತ್ತೆ ಅನ್ನೋರು ಇದನ್ನ ನೆನಪಿಟ್ಕೋಬೇಕು. ಹಾಥಾರ್ನಲ್ಲೂ ಹಾಸನದಲ್ಲೂ ಭಯ ಒಂದೇ, ನಾಳೆ ಇವರು ಏನ್ ಮಾಡ್ತಾರೋ ಅಂತ. ಹಾಥಾರ್ನ್ ಪ್ರಯೋಗಗಳಿಗೆ ಅರ್ಥ ಹೇಳಿದ ಮೇಯೋ ಇದನ್ನ ಭಾವನೆ ಅಂದ, ಟೇಲರ್ ಇದನ್ನ ಲೆಕ್ಕಾಚಾರ ಅಂದಿದ್ದ. ಅಕ್ಕನ ಮಾತು ಓದಿ ನೋಡಿದ್ರೆ ನನಗೆ ಟೇಲರ್ ಹೇಳಿದ್ದೇ ಹತ್ರ ಅನ್ಸುತ್ತೆ.

ಎಚ್ಆರ್‌ನೋರು ನಡುವೆ ಒಂದು ಪ್ರಯತ್ನ ಮಾಡಿದ್ರು, ಲೈನಲ್ಲಿ ಯಾರದ್ದಾದ್ರೂ ಹುಟ್ಟಿದಬ್ಬ ಇದ್ರೆ ಕೇಕ್ ಕಟ್ ಮಾಡ್ಸೋದು. ಕೇಕ್ ಎಲ್ಲರೂ ತಿಂದ್ರು. ಬೋರ್ಡಲ್ಲಿ 61.

ಯಾರ ಮಾತು ಕೇಳೋದು

ಕಾಲರ್ ಮೆಷಿನ್ ಹತ್ರ ಒಂದು ಬೆಳಗ್ಗೆ ಏನಾಯ್ತು ಅಂದ್ರೆ, ಐಇ ಹುಡುಗ ಬಂದು ಬಂಡಲ್ ಎಡಗಡೆ ಇಟ್ಕೊಳಿ, ಕೈ ಚಾಚೋದು ಕಮ್ಮಿ ಆಗುತ್ತೆ ಅಂದ. ಸೂಪರ್‌ವೈಸರ್ ಬಂದು ಎಡಗಡೆ ದಾರಿಗೆ ಅಡ್ಡ, ಬಲಗಡೆ ಇಡಿ ಅಂದ್ರು. ಕ್ವಾಲಿಟಿ ಮೇಡಂ ಬಂದು ನೆಕ್ ಪಾಯಿಂಟ್ ಮಿಸ್‌ಮ್ಯಾಚ್, ಸ್ಪೀಡ್ ಇಳಿಸಿ ಅಂದ್ರು. ಫ್ಲೋರ್ ಇನ್‌ಚಾರ್ಜ್ ಬಂದು ಯಾಕಮ್ಮ ಗಂಟೆಗೆ 28 ಅಂತ ಕೂಗಾಡಿದ್ರು. ಅಕ್ಕ ನಾಲ್ಕೂ ಜನಕ್ಕೂ "ಆಯ್ತು ಸಾ", "ಆಯ್ತು ಮೇಡಂ" ಅಂದು ಮೊದಲು ಹೆಂಗ್ ಹೊಡೀತಿದ್ರೋ ಹಂಗೇ ಹೊಡೆದ್ರು.

ಇದನ್ನ ಓದಿದ ಯಾವ ಸ್ಟೂಡೆಂಟ್ ಆದ್ರೂ ಯೂನಿಟಿ ಆಫ್ ಕಮಾಂಡ್ ಇಲ್ಲ ಸಾರ್ ಅಂತ ಬರೀತಾನೆ, ಅಂದ್ರೆ ಒಬ್ಬರಿಗೆ ಆರ್ಡರ್ ಮಾಡೋರು ಒಬ್ಬರೇ ಇರ್ಬೇಕು ಅನ್ನೋ ನಿಯಮ. ಸರಿ. ಆದ್ರೆ ಒಬ್ಬ ಆಪರೇಟರಿಗೆ ಹಲವರು ಮೇಲ್ವಿಚಾರಕರು ಇರ್ಬೇಕು, ಸ್ಪೀಡಿಗೊಬ್ಬ, ಕ್ವಾಲಿಟಿಗೊಬ್ಬ, ರಿಪೇರಿಗೊಬ್ಬ ಅಂತ ಹೇಳಿದ್ದು ಟೇಲರೇ, ಫಂಕ್ಷನಲ್ ಫೋರ್‌ಮನ್‌ಶಿಪ್ ಅಂತ ಎಂಟು ಜನರ ಲೆಕ್ಕ ಕೊಟ್ಟಿದಾನೆ. ಫ್ರಾನ್ಸಲ್ಲಿ ಗಣಿ ಇಂಜಿನಿಯರ್ ಆಗಿ ಸೇರಿ ಕಂಪನಿಯ ಮುಖ್ಯಸ್ಥನಾಗಿ ಹಲವು ವರ್ಷ ನಡೆಸಿದ ಹೆನ್ರಿ ಫಯೋಲ್ 1916ರಲ್ಲಿ ತನ್ನ ಪುಸ್ತಕ ಪ್ರಕಟಿಸಿದಾಗ ಟೇಲರನ್ನ ಬೇಕಾದಷ್ಟು ಹೊಗಳಿ ಈ ಒಂದು ವಿಷ್ಯಕ್ಕೆ ಮಾತ್ರ ಒಪ್ಪಲ್ಲ ಅಂತ ಖಡಾಖಂಡಿತ ಹೇಳಿದಾನೆ. ಇಬ್ಬರನ್ನೂ ಕ್ಲಾಸಿಕಲ್ ಅಂತ ಒಂದೇ ಚೀಲಕ್ಕೆ ತುಂಬಿ ಓದೋದ್ರಿಂದ ಈ ಜಗಳ ಹುಡುಗ್ರಿಗೆ ಕಾಣಲ್ಲ. ಟೇಲರ್ ನೋಡಿದ್ದು ಮೆಷಿನ್ ಮುಂದೆ ನಿಂತು, ಫಯೋಲ್ ನೋಡಿದ್ದು ಕಂಪನಿ ಮೇಲಿಂದ, ಕೆಳಗಿನ ಕೆಲಸಕ್ಕೆ ಪರಿಣತರು ಹಲವರು ಬೇಕು ಅನ್ನೋದೂ ನಿಜ, ಅವರೆಲ್ಲ ಒಟ್ಟಿಗೆ ಆರ್ಡರ್ ಮಾಡಿದ್ರೆ ಕೆಲಸ ನಿಲ್ಲುತ್ತೆ ಅನ್ನೋದೂ ನಿಜ.

ವೆಬರ್, ಬರೆದಿಟ್ಟ ರೂಲ್ಸ್ ಪ್ರಕಾರ ನಡೆಯೋ ಆಡಳಿತದ ಬಗ್ಗೆ, ಅಂದ್ರೆ ಬ್ಯೂರಾಕ್ರಸಿ ಬಗ್ಗೆ ಬರೆದೋನು, ಅವನ ಬಗ್ಗೆ ಇಲ್ಲಿ ಜಾಸ್ತಿ ಇಲ್ಲ. ಹಾಸನಾಂಬ ದೇವಸ್ಥಾನದ ಬಾಗಿಲು ವರ್ಷಕ್ಕೊಂದ್ಸಲ ದೀಪಾವಳಿ ಹೊತ್ತಿಗೆ ತೆಗೆದಾಗ ಅರ್ಧ ಲೈನ್ ರಜಾ ಕೇಳುತ್ತೆ, ಆವಾಗ ರೂಲ್ಸ್ ಬುಕ್ ಇದ್ದಿದ್ದಕ್ಕೇ ಯಾರಿಗೆ ಕೊಟ್ರು ಯಾರಿಗೆ ಬಿಟ್ರು ಅನ್ನೋ ಜಗಳ ತಪ್ತು, ಮುಖ ನೋಡಿ ಮಣೆ ಹಾಕೋದು ನಿಲ್ತು. ಬ್ಯೂರಾಕ್ರಸಿ ಅಂದ್ರೆ ಬೈಗುಳ ಅಂತ ತಿಳ್ಕೊಂಡೋರಿಗೆ ಇಷ್ಟು ಸಾಕು.

ಮಡಚೋ ಕೈ

ಲೈನ್ ನಿಜವಾಗ್ಲೂ ಎಲ್ಲಿ ಸಿಕ್ಕಾಕ್ಕೊಂಡಿತ್ತು ಅನ್ನೋದು ಗೊತ್ತಾಗಿದ್ದು ಸ್ಟಾಪ್‌ವಾಚ್ ಕೆಳಗಿಟ್ಮೇಲೆ. ಒಂದು ಮಧ್ಯಾಹ್ನ ಮುಂದಿನ ಬಂಡಲ್ ಬರೋದು ತಡ ಆಗಿತ್ತು, ಹುಡುಗ ಸುಮ್ನೆ ಅಕ್ಕನ ಪಕ್ಕ ಸ್ಟೂಲ್ ಎಳ್ಕೊಂಡು ಕೂತಿದ್ದ. ಬಂಡಲ್ ಬಂತು. ಅಕ್ಕ ಕಾಲರ್ ಎತ್ಕೊಂಡು ಬ್ಯಾಂಡ್ ಎರಡೂ ತುದಿ ಸೇರಿಸಿ ಮಡಚಿದ್ರು, ಹೆಬ್ಬೆರಳ ಉಗುರಿಂದ ನಡುಮಧ್ಯ ಒಂದು ಗೀಟು ಒತ್ತಿದ್ರು, ಬಿಚ್ಚಿದ್ರು, ಆಮೇಲೆ ಶರ್ಟಿನ ಬಾಡಿ ತಗೊಂಡು ಯೋಕಿನ, ಅಂದ್ರೆ ಬೆನ್ನಿನ ಮೇಲಿನ ಪಟ್ಟಿಯ ಮಧ್ಯನೂ ಹಂಗೇ ಮಡಚಿ ಗೀಟು ಒತ್ತಿದ್ರು, ಎರಡು ಗೀಟನ್ನೂ ಎದುರುಬದುರು ಇಟ್ಟು ನೋಡಿ, ಆಮೇಲೆ ಪ್ರೆಸರ್ ಫುಟ್ ಕೆಳಗೆ ತಳ್ಳಿದ್ರು.

"ಯಾಕಕ್ಕ ಮಡಚ್ತೀರ?"

"ಕಚ್ಚು ಎಲ್ಲೈತಪ್ಪ? ಮೊದ್ಲೆಲ್ಲಾ ಕಟ್ಟಿಂಗಿಂದ ಸೆಂಟರ್ ಕಚ್ಚು ಹಾಕಿ ಕಳಿಸೋರು. ಈಗ ನಾವೇ ಹುಡುಕ್ಕೋಬೇಕು. ಮಡಚಲಿಲ್ಲ ಅಂದ್ರೆ ಕಾಲರ್ ಒಂದ್ಕಡಿಕೆ ಎಳೀತದೆ, ಆ ಮೇಡಂ ವಾಪಸ್ ಹಾಕ್ತಾರೆ."

ಕಚ್ಚು ಅಂದ್ರೆ ನಾಚ್, ಬಟ್ಟೆ ಅಂಚಲ್ಲಿ ಕತ್ತರಿಯಿಂದ ಕೊಡೋ ಸಣ್ಣ ಗುರುತು. ಹುಡುಗ ವಾಪಸ್ ಹೋಗಿ ತನ್ನ ಟೈಮ್ ಸ್ಟಡಿ ಶೀಟ್ ತೆಗೆದು ನೋಡ್ದ. ಮಡಚೋದು, ಗೀಟು ಒತ್ತೋದು ಎರಡೂ ಅಲ್ಲಿ ಎಲಿಮೆಂಟ್ ಅಂತ ನೀಟಾಗಿ ಬರೆದಿದ್ವು, ಸೇರಿ 0.2 ನಿಮಿಷ, ಅಂದ್ರೆ 12 ಸೆಕೆಂಡು. ಸ್ಟಾಪ್‌ವಾಚ್‌ಗೆ ಏನ್ ಗೊತ್ತು, ಕಣ್ಣಿಗೆ ಕಂಡಿದ್ದನ್ನೆಲ್ಲ ಕೆಲಸ ಅಂತಲೇ ಅಳೆಯುತ್ತೆ. ಬೇರೆ ಡಿಪಾರ್ಟ್‌ಮೆಂಟ್ ಬಿಟ್ಟ ಕೆಲಸ ಅಕ್ಕನ ಸ್ಯಾಮ್ ಒಳಗೆ ಅಧಿಕೃತವಾಗಿ ಸೇರ್ಕೊಂಡಿತ್ತು.

ಟೇಲರಿಗೂ ಫ್ರಾಂಕ್, ಲಿಲಿಯನ್ ಗಿಲ್‌ಬ್ರೆತ್ ದಂಪತಿಗೂ ಇರೋ ವ್ಯತ್ಯಾಸ ಕೇಳಿದ್ರೆ ನಾನು ಈ 12 ಸೆಕೆಂಡ್ ತೋರಿಸ್ತೀನಿ. ಟೇಲರ್ ಎಷ್ಟೊತ್ತು ಅಂತ ನೋಡ್ದ, ಗಿಲ್‌ಬ್ರೆತ್ ಈ ಚಲನೆ ಯಾಕೆ ಬೇಕು ಅಂತ ಕೇಳಿದ್ರು. ಇಟ್ಟಿಗೆ ಕಟ್ಟೋ ಕೆಲಸದಲ್ಲಿ ಒಂದು ಇಟ್ಟಿಗೆಗೆ 18 ಚಲನೆ ಇದ್ದಿದ್ದನ್ನ 5ಕ್ಕೆ ಇಳಿಸಿದ ಗಿಲ್‌ಬ್ರೆತ್ ಪಟ್ಟೀಲಿ ಹುಡುಕೋದು, ಹೊಂದಿಸೋದು ಇವೆಲ್ಲ ಕಮ್ಮಿ ಮಾಡ್ಬೇಕಾದ ಚಲನೆಗಳು. ಅಕ್ಕ ಪ್ರತಿ ಪೀಸಿಗೂ ಮಾಡ್ತಿದ್ದಿದ್ದು ಅದೇ ಎರಡು.

ಕಚ್ಚು ಯಾಕ್ ನಿಂತಿತ್ತು? ಹಿಂದೆ ಯಾವುದೋ ಸ್ಟೈಲಲ್ಲಿ ಕಟ್ಟಿಂಗ್‌ನೋರು ಕಚ್ಚನ್ನ ಆಳ ಹಾಕಿ ಬಟ್ಟೆ ಎಳೆ ಬಿಟ್ಟು ರಿಜೆಕ್ಟ್ ಆಗಿತ್ತಂತೆ, ಕ್ವಾಲಿಟಿಯೋರು ಬೈದ್ರು, ಕಟ್ಟಿಂಗ್ ಇನ್‌ಚಾರ್ಜ್ ಕಚ್ಚೇ ಬೇಡ ಅಂತ ನಿಲ್ಲಿಸ್ದ. ಹೊಲಿಯೋರಿಗೆ ಯಾರೂ ಹೇಳಿಲ್ಲ. ಅಕ್ಕ ಸೂಪರ್‌ವೈಸರಿಗೆ ಹೇಳಿದ್ರಂತೆ, ಸೂಪರ್‌ವೈಸರ್ ಫ್ಲೋರ್ ಇನ್‌ಚಾರ್ಜಿಗೆ, ಅಲ್ಲಿಂದ ಪಿಎಂಗೆ ಹೋಗಿ ಅವರು ಕಟ್ಟಿಂಗಿಗೆ ಹೇಳ್ಬೇಕು, ಎಲ್ಲೋ ನಡುವೆ ನಿಂತೋಯ್ತು. ಕಟ್ಟಿಂಗ್ ಟೇಬಲ್ ಇರೋದು ಅದೇ ಬಿಲ್ಡಿಂಗಲ್ಲಿ, ಕೂಗಿದ್ರೆ ಕೇಳೋ ದೂರ. ಫಯೋಲ್ ಇದಕ್ಕೇ ಒಂದು ಅಡ್ಡಹಲಗೆ ಇಟ್ಟಿದ್ದ. ಮೇಲಿನೋರಿಗೆ ಗೊತ್ತಿದ್ದು ಅವರು ಒಪ್ಪಿದ್ರೆ ಒಂದೇ ಮಟ್ಟದ ಇಬ್ಬರು ನೇರವಾಗಿ ಮಾತಾಡ್ಕೋಬೋದು, ಮೆಟ್ಟಿಲು ಹತ್ತಿ ಇಳಿಯೋ ಅಗತ್ಯ ಇಲ್ಲ ಅಂತ. ಫಯೋಲ್ ಪಟ್ಟೀಲಿ ಸ್ಕೇಲಾರ್ ಚೈನ್, ಅಂದ್ರೆ ಮೇಲಿಂದ ಕೆಳಗಿನ ಅಧಿಕಾರದ ಸರಪಳಿ ಅಂತ ಒಂಬತ್ತನೇ ಪಾಯಿಂಟ್ ಬರೆಯೋ ಹುಡುಗ್ರು ಅದರ ಜೊತೇಲೇ ಇರೋ ಈ ಹಲಗೆ ಬಿಟ್ಟು ಬರೀತಾರೆ.

ಹುಡುಗ ಪಿಎಂಗೆ ಒಂದು ಮಾತು ಹೇಳಿ ಸೀದಾ ಕಟ್ಟಿಂಗ್ ಇನ್‌ಚಾರ್ಜ್ ಹತ್ರ ಹೋದ. ಆಳ ಕಮ್ಮಿ ಇರೋ ಕಚ್ಚು ಶುರುವಾಯ್ತು. ಮಡಚೋದು ನಿಂತು 1.5 ಇದ್ದಿದ್ದು 1.3 ಆಯ್ತು, ಈಗ 80 ಪೀಸಿಗೆ 104 ನಿಮಿಷ, 120ರಲ್ಲಿ ಸುಮಾರು 87 ಪರ್ಸೆಂಟು. ನೂರಕ್ಕಿಂತ ಎಷ್ಟೋ ವಾಸಿ, ಆದ್ರೂ ದಿನವೆಲ್ಲ 87 ಕಷ್ಟ. ಅದಕ್ಕೆ ಎಲ್ಲ ಮೆಷಿನ್ ಗೊತ್ತಿದ್ದ ಒಬ್ಬಳನ್ನ ಫ್ಲೋಟರ್ ಅಂತ ಬಿಟ್ರು, ಕಾಲರಲ್ಲಿ ಬಂಡಲ್ ಪೇರಿದಾಗ ಅವಳು ಮೂರನೇ ಮೆಷಿನ್ ಕೂರ್ತಾಳೆ, ಆ ಅರ್ಧ ಮನುಷ್ಯನ ಲೆಕ್ಕ ಹಂಗೆ ತುಂಬ್ತು. ಒಬ್ಬೊಬ್ಬರ ಇನ್ಸೆಂಟಿವ್ ತೆಗೆದು ಲೈನ್ ಕೊನೇಲಿ ಪಾಸಾದ ಪೀಸಿನ ಮೇಲೆ ಎಲ್ಲರಿಗೂ ಹಂಚಿದ್ರು. ಗಂಟೆಗೆ 72ಕ್ಕೆ ಬಂದು ನಿಂತ್ಕೊಂತು. 80 ಆಗ್ಲಿಲ್ಲ, ಪಿಎಂ ಅದನ್ನ ಅಳಿಸಲೂ ಇಲ್ಲ.

ನಮ್ಮ ದೇಶದಲ್ಲೇ ಇಂಥದ್ದು ಮೊದಲೇ ನಡೆದಿದೆ. 1953ರಲ್ಲಿ ಅಹಮದಾಬಾದಿನ ಕ್ಯಾಲಿಕೊ ಮಿಲ್‌ನೋರ ನೇಯ್ಗೆ ಶೆಡ್ಡಲ್ಲಿ, ಲಂಡನ್ನಿನ ಟ್ಯಾವಿಸ್ಟಾಕ್ ಸಂಸ್ಥೆಯ ಎ.ಕೆ. ರೈಸ್ ಅನ್ನೋರು ಆಟೋಮ್ಯಾಟಿಕ್ ಮಗ್ಗದ ಕೆಲಸವನ್ನ ಚೂರುಚೂರು ಮಾಡಿ ಹಂಚಿದ್ದನ್ನ ಬಿಟ್ಟು, ಒಂದಷ್ಟು ಮಗ್ಗಕ್ಕೆ ಒಂದು ಗುಂಪು ಪೂರ್ತಿ ಜವಾಬ್ದಾರಿ ಅನ್ನೋ ಥರ ಮಾಡೋಕೆ ಸಲಹೆ ಕೊಟ್ರು, ಕೆಲಸಗಾರರು ಅವರೇ ಗುಂಪು ಕಟ್ಕೊಂಡ್ರು. ಮೆಷಿನ್ ವ್ಯವಸ್ಥೆ, ಮನುಷ್ಯರ ವ್ಯವಸ್ಥೆ ಎರಡನ್ನೂ ಜೊತೆಗೇ ನೋಡ್ಬೇಕು ಅನ್ನೋ ಸೋಶಿಯೋ-ಟೆಕ್ನಿಕಲ್ ವಿಚಾರ ಅದು. ನಮ್ಮ ಸಿಲಬಸ್ಸಲ್ಲಿ ಶಿಕಾಗೋ ಇದೆ, ಅಹಮದಾಬಾದ್ ಇಲ್ಲ, ಯಾಕೋ.

ಬಗೆಹರಿಯದ ಭಾಗ

ಕಥೆ ಇಲ್ಲಿಗೆ ಮುಗಿದಿದ್ರೆ ಚೆನ್ನಾಗಿತ್ತು. ಒಂದು ವಾರ ಬಿಟ್ಟು ಪಿಎಂ ಹುಡುಗನ್ನ ಕರೆದು ಕಾಲರ್ ಸ್ಯಾಮ್ 1.3 ಅಂತ ಸಿಸ್ಟಮಲ್ಲಿ ಅಪ್‌ಡೇಟ್ ಮಾಡು ಅಂದ್ರು. ಮಾಡಿದ್ರೆ ಅಕ್ಕನ ನೂರು ಪರ್ಸೆಂಟ್ ಗಂಟೆಗೆ 40 ಇದ್ದಿದ್ದು 46 ಆಗುತ್ತೆ, ಹೊಡೆಯೋದು ಅಷ್ಟೇ ಇದ್ರೂ ರಿಪೋರ್ಟಲ್ಲಿ ಎಫಿಷಿಯೆನ್ಸಿ ಕೆಳಗೆ. ಹುಡುಗ ಪಾಪ ಹೋಗಿ ಹೇಳ್ದ. ಅಕ್ಕ ಮೆಷಿನ್ ಆಫ್ ಮಾಡಿ, "ಅಲ್ಲಪ್ಪಾ, ನಾನೇ ಹೇಳ್ಕೊಟ್ಟು ನನ್ ತಲೆ ಮೇಲೇ ಕಲ್ ಎತ್ತಾಕ್ಕೊಂಡಂಗಾಯ್ತಲ್ಲ" ಅಂದ್ರು. ಆಮೇಲೆ ಕಫ್ ಲೈನಿನೋರು ಹುಡುಗ ಪಕ್ಕ ಕೂತ್ರೆ ಮಾತಾಡೋದು ನಿಲ್ಲಿಸಿದ್ರು.

ಟೇಲರ್ ಪ್ರಕಾರ ನೋಡಿದ್ರೆ ರೀತಿ ಬದಲಾಗಿದೆ, ಕಚ್ಚು ಬಂದಿದೆ, ಮಡಚೋದು ಹೋಗಿದೆ, ಹಾಗಾಗಿ ಸ್ಟ್ಯಾಂಡರ್ಡ್ ಬದಲಾಯಿಸೋದು ನ್ಯಾಯವೇ, ರೇಟ್ ಕಟ್ ಅಲ್ಲ. ಆದ್ರೆ ಟೇಲರ್ ಒಂದು ವಿಷ್ಯ ಮೊದಲೇ ಇತ್ಯರ್ಥ ಮಾಡ್ಬಿಟ್ಟಿದ್ದ, ಯೋಚನೆ ಮಾಡೋನು ಇಂಜಿನಿಯರ್, ಮಾಡೋನು ಕೆಲಸಗಾರ ಅಂತ. ಇಲ್ಲಿ ಯೋಚನೆ ಬಂದಿದ್ದು ಮೆಷಿನ್ ಮುಂದೆ ಕೂತೋರಿಂದ. ಹಂಗಾದ್ರೆ ಉಳಿದ 12 ಸೆಕೆಂಡ್ ಯಾರದ್ದು? ಟೊಯೋಟಾ ಪದ್ಧತೀಲಿ ಕೆಲಸಗಾರರೇ ಸ್ಟ್ಯಾಂಡರ್ಡ್ ಸುಧಾರಿಸ್ತಾರೆ ಅಂತ ಹೊಗಳ್ತಾರೆ, ನಿಜ, ಆದ್ರೆ ಉಳಿತಾಯ ಆದ ಟೈಮ್ ಅವರ ಮೇಲೇ ವಾಪಸ್ ಬಂದ್ರೆ ಎರಡನೇ ಸಲ ಯಾರೂ ಬಾಯಿ ಬಿಡಲ್ಲ.

ಕೊನೆಗೆ ಆಗಿದ್ದು ಒಂಥರಾ ನಡುಮಧ್ಯದ ಒಪ್ಪಂದ. ಸೂಪರ್‌ವೈಸರೇ ಪಿಎಂ ಹತ್ರ ಹೋಗಿ ಮಾತಾಡಿದ್ರು, ನಡೀತಿರೋ ಆರ್ಡರ್ ಮುಗಿಯೋವರ್ಗೂ 1.5 ಹಂಗೇ ಇರುತ್ತೆ, ಮುಂದಿನ ಸ್ಟೈಲಿಂದ 1.3. ಅಕ್ಕ ಒಪ್ಪಿದ್ರು ಅಂತ ಹೇಳಕ್ಕಾಗಲ್ಲ, ಸುಮ್ನಾದ್ರು.

ಮುಂದಿನ ಆರ್ಡರ್ ಬಂದಿದ್ದು ಲೇಡೀಸ್ ಟಾಪ್, ಕಾಲರೇ ಇಲ್ಲ. ಅದೂ ಸಣ್ಣ ಸಣ್ಣ ಲಾಟು, ಬೇಗ ಬೇಗ ಸ್ಟೈಲ್ ಬದಲು. ಕಂಟಿಂಜೆನ್ಸಿಯೋರಲ್ಲಿ ಒಬ್ಬರಾದ ಜೋನ್ ವುಡ್‌ವರ್ಡ್ 1950ರ ದಶಕದಲ್ಲಿ ಇಂಗ್ಲೆಂಡಿನ ಸೌತ್ ಎಸೆಕ್ಸಲ್ಲಿ ಸುಮಾರು 100 ಕಂಪನಿ ನೋಡಿ, ಚಿಕ್ಕ ಬ್ಯಾಚ್ ಮಾಡೋ ಕಡೆ ಚೆನ್ನಾಗಿ ನಡೆಯೋ ಸಂಘಟನೆ ಬೇರೆ, ದೊಡ್ಡ ಬ್ಯಾಚ್ ಕಡೆ ಬೇರೆ ಅಂತ ತೋರಿಸಿದ್ದು ಈ ಲೈನಿಗೆ ಒಂದೇ ವಾರದಲ್ಲಿ ಅನುಭವಕ್ಕೆ ಬಂತು. ದೊಡ್ಡ ಆರ್ಡರಿಗೆ ಅಂತ ಕಟ್ಟಿದ ಸ್ಯಾಮ್, ಲೇಔಟ್, ಗಂಟೆ ಬೋರ್ಡ್ ಎಲ್ಲಾ ಸ್ಟೈಲ್ ಬದಲಾಯಿಸೋ ದಿನ ಕೆಲಸಕ್ಕೆ ಬರಲ್ಲ, ಆವತ್ತು ಬೇಕಾಗಿದ್ದು ಯಾವ ಮೆಷಿನ್ ಆದ್ರೂ ಓಡಿಸೋ ಫ್ಲೋಟರ್‌ಗಳು, ಜಾಗದಲ್ಲೇ ತೀರ್ಮಾನ ಮಾಡೋ ಸೂಪರ್‌ವೈಸರ್. ಅಕ್ಕನ್ನ ನೆಕ್ ಪೈಪಿಂಗಿಗೆ ಹಾಕಿದ್ರು. 1.3ರ ಪ್ರಶ್ನೆ ಇನ್ನೊಂದು ಶರ್ಟ್ ಆರ್ಡರ್ ಬರೋವರ್ಗೂ ಫೈಲಲ್ಲಿದೆ.

ಇಂಟರ್ನಲ್ಸಿಗೆ ನಾನು ಕೊಡೋದು ಆ ಫೈಲಿನ ಪ್ರಶ್ನೆನೇ, ನೀವು ಆ ಐಇ ಆಗಿದ್ರೆ ಸಿಸ್ಟಮಲ್ಲಿ ಯಾವ ನಂಬರ್ ಹಾಕ್ತಿದ್ರಿ, ಯಾವತ್ತಿಂದ, ಅಕ್ಕನಿಗೆ ಏನ್ ಹೇಳ್ತಿದ್ರಿ. ಎಷ್ಟೋ ಜನ ಇನ್ನೂ ಟೇಲರ್ ಹುಟ್ಟಿದ್ದು 1856 ಅಂತಲೇ ಉತ್ತರ ಶುರು ಮಾಡ್ತಾರೆ.